ಮುತ್ಯಾನ ಬರ್ಮಾ ಲಢಾಯಿ ಯಾರ ಇತಿಹಾಸ?

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ವಾರ. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಕಂಪಾಸ್ ಪೆಟ್ಟಿಗೆಯಿಂದ ಒಂದು ನಕ್ಷತ್ರ ತೆಗೆದು ನಮ್ಮ ಮೇಜಿನ ಮೇಲಿಟ್ಟಳು. ಆರು ಮೂಲೆಯ, ತಾಮ್ರದ ಬಣ್ಣದ ನಕ್ಷತ್ರ. ಹಬ್ಬಕ್ಕೆ ಮನೆ ಸಾರಿಸುವಾಗ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿತಂತೆ. "ಸರ್, ಇದು ಕಬಡ್ಡಿಯೊಳಗ ಗೆದ್ದದ್ದೇನ್ರಿ? ನಮ್ಮ ಅಪ್ಪಾರು ಹಂಗಂತಾರ. ಅಜ್ಜಿ ಮಾತ್ರ ಮುತ್ಯಾ ಬರ್ಮಾಕ್ಕ ಹೋಗಿದ್ದ ಅಂತಾಳ್ರಿ" ಅಂದಳು.

ಒರೆಸಿ ನೋಡಿದೆವು. ನಡುವೆ ಕಿರೀಟ, ಅದರ ಸುತ್ತ ಇಂಗ್ಲಿಷಿನಲ್ಲಿ "ದಿ ಬರ್ಮಾ ಸ್ಟಾರ್" ಎಂಬ ಅಕ್ಷರಗಳು. ಕಬಡ್ಡಿಯ ಪದಕ ಅಲ್ಲ, ಎರಡನೇ ಮಹಾಯುದ್ಧದ ಪದಕ!

ಆ ದಿನ ಪಾಠ ಮುಂದೆ ಹೋಗಲಿಲ್ಲ. ಮಕ್ಕಳನ್ನು ಕೇಳಿದೆವು, ಎರಡನೇ ಮಹಾಯುದ್ಧ ಎಲ್ಲಿ ನಡೆಯಿತು? ಜರ್ಮನಿ, ಪೋಲೆಂಡ್, ರಷ್ಯಾ, ಹಿರೋಷಿಮಾ... ಎಲ್ಲ ಸರಿಯಾಗಿಯೇ ಹೇಳಿದರು. ಬರ್ಮಾ ಎಂದು ಒಬ್ಬರೂ ಹೇಳಲಿಲ್ಲ. ತಪ್ಪು ಮಕ್ಕಳದಲ್ಲ. ಇಷ್ಟು ವರ್ಷ ಪಾಠ ಹೇಳಿದ ನಾವೇ ಆ ಮಾತು ಎತ್ತಿರಲಿಲ್ಲ.

ಈ ಯುದ್ಧದ ಇನ್ನೊಂದು ನೆನಪು ನಮ್ಮ ಪಕ್ಕದಲ್ಲೇ ಇದೆ. ಜಯಸಿಂಗಪುರದಿಂದ ಕೊಲ್ಲಾಪುರಕ್ಕೆ ರೈಲಿನಲ್ಲಿ ಹೋಗುವಾಗ ವಳಿವಡೆ ಸ್ಟೇಷನ್ ಬರುತ್ತದೆ. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಪೋಲೆಂಡಿನ ಸುಮಾರು 5000 ಜನ 1943ರಿಂದ 1948ರವರೆಗೆ ಅಲ್ಲಿನ ಕ್ಯಾಂಪಿನಲ್ಲಿದ್ದರು. ಆ ಜನ ನಮ್ಮ ನೆಲವನ್ನು ಮರೆತಿಲ್ಲ. 2019ರಲ್ಲೂ ಅಲ್ಲಿ ಬಾಲ್ಯ ಕಳೆದ ವೃದ್ಧರು ಅಷ್ಟು ದೂರದಿಂದ ಬಂದು ಕಣ್ಣೀರಿಟ್ಟು ಹೋದರು. ಒಳ್ಳೆಯದೇ. ಪರದೇಶದವರು ನಮ್ಮೂರಿಗೆ ಬಂದದ್ದು ನಮಗೆ ಗೊತ್ತು. ಅದೇ ವರ್ಷಗಳಲ್ಲಿ ನಮ್ಮೂರವರು ಪರದೇಶಕ್ಕೆ ಹೋದದ್ದು ಮಾತ್ರ ಗೊತ್ತಿಲ್ಲ. ಇದೆಂಥ ವಿಚಿತ್ರ!

ಆದ್ದರಿಂದ ಆ ನಕ್ಷತ್ರದ ಕಥೆಯನ್ನು, ಮೊದಲು ನಮಗಾಗಿ ಓದಿಕೊಂಡು ಆಮೇಲೆ ಮಕ್ಕಳಿಗೆ ಹೇಳಿದ ಹಾಗೆಯೇ, ಇಲ್ಲಿ ಬರೆಯುತ್ತಿದ್ದೇವೆ. ಕೊನೆಯಲ್ಲಿ ನಮ್ಮದೊಂದು ಬೇಡಿಕೆಯೂ ಇದೆ.

ಮರೆತುಹೋದ ಸೇನೆ

1942ರ ಆರಂಭದಲ್ಲಿ ಜಪಾನಿನ ಸೈನ್ಯ ಬರ್ಮಾದೊಳಗೆ ನುಗ್ಗಿತು. ಮಾರ್ಚ್‌ನಲ್ಲಿ ರಂಗೂನ್ ಬಿತ್ತು. ಮೇ ತಿಂಗಳ ಹೊತ್ತಿಗೆ ಬ್ರಿಟಿಷ್ ಮತ್ತು ಭಾರತೀಯ ಪಡೆಗಳು ಸಾವಿರದೈನೂರು ಕಿಲೋಮೀಟರಿನಷ್ಟು ಹಿಂದೆ ಸರಿದು ಮಣಿಪುರದ ಗಡಿಗೆ ಬಂದು ನಿಂತವು. ಅವರ ಜೊತೆ, ಅವರ ಹಿಂದೆ, ಬರ್ಮಾದಲ್ಲಿ ದುಡಿಯಲು ಹೋಗಿದ್ದ ಲಕ್ಷಾಂತರ ಭಾರತೀಯರು ಕಾಡು ಗುಡ್ಡಗಳಲ್ಲಿ ನಡೆಯುತ್ತ ಬಂದರು. ದಾರಿಯಲ್ಲಿ ಸಾವಿರಾರು ಜನ ಸತ್ತರು.

ಹೀಗೆ ಸೋತು ಬಂದ ಪಡೆಗಳನ್ನು ಸೇರಿಸಿ, ಹೊಸ ಪಡೆಗಳನ್ನು ಕೂಡಿಸಿ 1943ರ ಕೊನೆಯಲ್ಲಿ ಕಟ್ಟಿದ್ದೇ ಹದಿನಾಲ್ಕನೇ ಸೇನೆ. ಇದರ ನಾಯಕ ಜನರಲ್ ವಿಲಿಯಂ ಸ್ಲಿಮ್. ಮುಂದೆ ಇದರ ಸಂಖ್ಯೆ ಸುಮಾರು ಹತ್ತು ಲಕ್ಷ ಮುಟ್ಟಿತು. ಬ್ರಿಟಿಷರು, ಗೂರ್ಖಾಗಳು, ಪೂರ್ವ ಮತ್ತು ಪಶ್ಚಿಮ ಆಫ್ರಿಕಾದವರು ಎಲ್ಲರೂ ಇದ್ದರು. ಆದರೆ ಬಹುಪಾಲು ಜನ ಭಾರತೀಯರು. ನಮ್ಮ ನಿಮ್ಮಂಥ ಊರುಗಳ ರೈತರ ಮಕ್ಕಳು.

ಇಷ್ಟು ದೊಡ್ಡ ಸೇನೆಗೆ "ಮರೆತುಹೋದ ಸೇನೆ" ಎಂದು ಹೆಸರು ಬಿತ್ತು. ಪತ್ರಿಕೆಗಳ ಕಣ್ಣು ಯುರೋಪಿನ ಮೇಲಿತ್ತು. ಟ್ಯಾಂಕು, ವಿಮಾನ, ಹಡಗು ಎಲ್ಲ ಮೊದಲು ಅಲ್ಲಿಗೆ, ಉಳಿದದ್ದು ಬರ್ಮಾಕ್ಕೆ. ಇಳಿಸಾಮಾನಿಗೆ ರೇಷ್ಮೆಯ ಪ್ಯಾರಾಶೂಟುಗಳೇ ಸಿಗಲಿಲ್ಲ. ಆಗ ಕಲ್ಕತ್ತಾದ ಸೆಣಬಿನ ಗಿರಣಿಗಳಲ್ಲಿ ಸೆಣಬಿನ ಪ್ಯಾರಾಶೂಟು ಮಾಡಿಸಿದರು. ಒಂದು ಮಾಮೂಲಿ ಪ್ಯಾರಾಶೂಟಿಗೆ 20 ಪೌಂಡಿಗೂ ಹೆಚ್ಚು ಬಿದ್ದರೆ ಇದಕ್ಕೆ ಒಂದು ಪೌಂಡಿಗಿಂತ ಸ್ವಲ್ಪ ಮೇಲೆ. ಮನುಷ್ಯರು ಜಿಗಿಯಲು ಆಗದು, ಆದರೆ ಅಕ್ಕಿ, ಬೇಳೆ, ಗುಂಡು ಇಳಿಸಲು ಸಾಕು. ಬಡವರ ಸೇನೆ ಬಡವರ ಹಾಗೆಯೇ ದಾರಿ ಹುಡುಕಿಕೊಂಡಿತು!

ಜಪಾನಿನ ಗುಂಡಿಗಿಂತ ದೊಡ್ಡ ವೈರಿ ಸೊಳ್ಳೆ. 1943ರಲ್ಲಿ ಗಾಯಗೊಂಡು ಆಸ್ಪತ್ರೆಗೆ ಹೋದ ಪ್ರತಿಯೊಬ್ಬನಿಗೆ ಕಾಯಿಲೆ ಬಿದ್ದು ಹೋದವರು 120 ಜನ ಎಂದು ಸ್ಲಿಮ್ ಅವರೇ ಮುಂದೆ ಬರೆದಿದ್ದಾರೆ. ಮಲೇರಿಯಾ, ಆಮಶಂಕೆ, ಚರ್ಮರೋಗ. ಅದಕ್ಕೆ ಅವರು ಮೆಪಾಕ್ರಿನ್ ಎಂಬ ಗುಳಿಗೆಯನ್ನು ದಿನಾ ನುಂಗಲೇಬೇಕೆಂದು ಕಡ್ಡಾಯ ಮಾಡಿದರು. ಅಚಾನಕ್ಕಾಗಿ ರಕ್ತ ತಪಾಸಣೆ ಮಾಡಿಸಿ, ಸೈನಿಕರು ಗುಳಿಗೆ ನುಂಗಿಲ್ಲವೆಂದು ಕಂಡರೆ ಅವರ ಅಧಿಕಾರಿಯನ್ನೇ ಕೆಲಸದಿಂದ ತೆಗೆದರು. ಮೂವರು ಕೆಲಸ ಕಳೆದುಕೊಂಡ ಮೇಲೆ ಉಳಿದವರಿಗೆ ಬುದ್ಧಿ ಬಂತು.

ಈ ಗುಳಿಗೆಯ ಮಾತು ಹೇಳುವಾಗ ನಮ್ಮ ವಿದ್ಯಾರ್ಥಿನಿ ಎದ್ದು ನಿಂತಳು. ಮುತ್ಯಾ ಯುದ್ಧ ಮುಗಿಸಿ ಊರಿಗೆ ಬಂದಾಗ ಮೈಯೆಲ್ಲ ಹಳದಿಯಾಗಿತ್ತಂತೆ. ಕಾಮಾಲೆ ಅಂತ ಮನೆಯವರು ಗಾಬರಿಯಾಗಿ ಗಿಡಮೂಲಿಕೆ ಕುಡಿಸಿದರಂತೆ. ಇದನ್ನು ಅಜ್ಜಿ ತನ್ನ ಅತ್ತೆಯ ಬಾಯಿಂದ ಕೇಳಿದ್ದು. ಅದು ಕಾಮಾಲೆ ಇರಲಿಕ್ಕಿಲ್ಲ. ಮೆಪಾಕ್ರಿನ್ ಬಹಳ ದಿನ ನುಂಗಿದರೆ ಚರ್ಮ ಹಳದಿಯಾಗುತ್ತದೆ! ಸ್ಲಿಮ್ ಅವರ ಪುಸ್ತಕದಲ್ಲಿರುವ ಮಾತಿಗೆ ಶಿರೋಳ ತಾಲೂಕಿನ ಒಂದು ಮನೆಯ ಅಜ್ಜಿ ಸಾಕ್ಷಿ ಹೇಳಿದ ಹಾಗಾಯಿತು. ಆ ಕ್ಷಣ ತರಗತಿಯಲ್ಲಿ ಸದ್ದೇ ಇರಲಿಲ್ಲ.

ಬೆಳಗಾವಿಯ ಪಲ್ಟನ್

ಆ ಮುತ್ಯಾ "ಮರಾಠಾ ಪಲ್ಟನ್"ದಲ್ಲಿದ್ದ ಎಂಬುದಷ್ಟೇ ಮನೆಯವರಿಗೆ ಗೊತ್ತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದಲೂ ಬೆಳಗಾವಿಯಲ್ಲಿದೆ. ಕೊಲ್ಲಾಪುರ, ಸಾಂಗಲಿ, ಸಾತಾರಾ, ಬೆಳಗಾವಿ ಕಡೆಯ ಹುಡುಗರು ಅಲ್ಲಿ ಭರ್ತಿಯಾಗಿ, ಅಲ್ಲೇ ಕವಾಯತು ಕಲಿತು ಹೋಗುತ್ತಿದ್ದರು. ನಮ್ಮ ತಾಲೂಕಿನ ಟಾಕಳಿಗೆ "ಸೈನಿಕ ಟಾಕಳಿ" ಎಂಬ ಹೆಸರೇ ಬಿದ್ದಿದೆಯಲ್ಲ, ಅದು ಸುಮ್ಮನೆ ಬಿದ್ದದ್ದಲ್ಲ.

ಈ ರೆಜಿಮೆಂಟಿನ ನಾಲ್ಕನೇ ಬಟಾಲಿಯನ್ 1944ರ ಮಾರ್ಚ್‌ನಲ್ಲಿ ಮಣಿಪುರದ ಉಖ್ರುಲ್ ಗುಡ್ಡಗಳಲ್ಲಿತ್ತು. ಆಗ ಜಪಾನಿನ ಹದಿನೈದನೇ ಸೇನೆ ಚಿಂದ್ವಿನ್ ನದಿ ದಾಟಿ ಭಾರತದೊಳಗೆ ಬಂತು. ಇಂಫಾಲ ಮತ್ತು ಕೊಹಿಮಾ ಹಿಡಿಯುವುದು ಅವರ ಗುರಿ. ಬರುವ ದಾರಿಯಲ್ಲಿ ಸಿಕ್ಕಿದ್ದು ಸಾಂಗ್‌ಶಾಕ್ ಎಂಬ ಸಣ್ಣ ನಾಗಾ ಹಳ್ಳಿ. ಐವತ್ತನೇ ಪ್ಯಾರಾಶೂಟ್ ಬ್ರಿಗೇಡಿನ ಜೊತೆ ನಮ್ಮ ಮರಾಠಾ ಬಟಾಲಿಯನ್ನೂ ಅಲ್ಲಿ ನಿಂತಿತು. ಮುಳ್ಳುತಂತಿ ಇರಲಿಲ್ಲ. ಅಡಿಯಲ್ಲಿ ಬಂಡೆ, ಕಂದಕ ತೋಡಿದರೆ ಮೊಣಕಾಲುದ್ದ. ನೀರಿಗೆ ಬರ. ವಿಮಾನದಿಂದ ಬಿಟ್ಟ ಸಾಮಾನು ಬಹಳಷ್ಟು ಜಪಾನಿಯರ ಕಡೆಗೇ ಬಿತ್ತು. ಮಾರ್ಚ್ 22ರಿಂದ 26ರವರೆಗೆ ಕಾದಾಡಿ, ಆ ರಾತ್ರಿ ಆಜ್ಞೆಯಂತೆ ಗಾಯಾಳುಗಳನ್ನು ಕರೆದುಕೊಂಡು ಕಾಡಿನೊಳಗೆ ಹಿಂದೆ ಸರಿದರು.

ಸೋಲು ಎನ್ನಬಹುದು. ಆದರೆ ಆ ಕೆಲವು ದಿನಗಳೇ ಬೆಲೆಯುಳ್ಳವು. ಸಾಂಗ್‌ಶಾಕ್‌ನಲ್ಲಿ ಜಪಾನಿಯರು ತಡವಾದದ್ದರಿಂದ ಕೊಹಿಮಾ, ಇಂಫಾಲಗಳಿಗೆ ಸಿದ್ಧವಾಗಲು ಸಮಯ ಸಿಕ್ಕಿತು. ಏಪ್ರಿಲ್ 4ರಂದು ಶುರುವಾದ ಕೊಹಿಮಾ ಕಾಳಗದಲ್ಲಿ ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಗಳದ ಆಚೆ ಈಚೆ ಕೂತು ಎರಡೂ ಕಡೆಯವರು ಹೋರಾಡಿದರು. ಇಂಫಾಲದಲ್ಲಿ ಸುತ್ತುವರಿದಿದ್ದ ಸುಮಾರು ಒಂದೂವರೆ ಲಕ್ಷ ಜನರಿಗೆ ಊಟ, ಔಷಧ, ಗುಂಡು ಎಲ್ಲ ವಿಮಾನದಿಂದಲೇ. ಜೂನ್ 22ರಂದು ದಾರಿ ತೆರೆಯಿತು. ಬಂದ ಸುಮಾರು 85,000 ಜಪಾನಿ ಸೈನಿಕರಲ್ಲಿ 30,000ದಷ್ಟು ಜನ ಸತ್ತರು, ಹೆಚ್ಚಿನವರು ಹಸಿವೆ ಮತ್ತು ರೋಗದಿಂದ. ಜಪಾನಿನ ಸೈನ್ಯ ನೆಲದ ಮೇಲೆ ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಸೋಲು ಅದು. 2013ರಲ್ಲಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ಏರ್ಪಡಿಸಿದ ಮತದಾನದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಕಾಳಗವೆಂದು ಆರಿಸಿದ್ದು ವಾಟರ್‌ಲೂ ಅಲ್ಲ, ಇಂಫಾಲ ಮತ್ತು ಕೊಹಿಮಾವನ್ನೇ. ಅವರಿಗೆ ನೆನಪಾಗಲು ಎಪ್ಪತ್ತು ವರ್ಷ ಬೇಕಾಯಿತು. ನಮಗೆ?

ಆಮೇಲೆ ಹದಿನಾಲ್ಕನೇ ಸೇನೆ ಮಳೆಗಾಲದಲ್ಲೂ ನಿಲ್ಲದೆ ಮುಂದೆ ಹೋಯಿತು. 1945ರ ಆರಂಭದಲ್ಲಿ ಐರಾವತಿ ದಾಟಿತು. ಮಾರ್ಚ್‌ನಲ್ಲಿ ಮೈಕ್ತಿಲಾ, ಮಾಂಡಲೆ. ಮೇ 3ಕ್ಕೆ ರಂಗೂನ್. ಮಾಂಡಲೆ ಎಂದರೆ ನಮ್ಮ ಮಕ್ಕಳಿಗೆ ಲೋಕಮಾನ್ಯ ತಿಲಕರು ಸೆರೆಯಲ್ಲಿದ್ದ ಊರು. ಅದೇ ಊರಿನ ಕೋಟೆಯೊಳಗೆ ಈ ಸಲ ಭಾರತೀಯ ಸೈನಿಕರು ನಡೆದು ಹೋದರು.

ಕೊಡಗಿನವರೊಬ್ಬರು, ವಡಗಾವದವರೊಬ್ಬರು

ಇನ್ನೊಂದು ಕಥೆ ಗಡಿಯಲ್ಲಿರುವ ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು.

ಬರ್ಮಾದ ಸಮುದ್ರತೀರದ ಭಾಗಕ್ಕೆ ಅರಾಕಾನ್ ಎನ್ನುತ್ತಿದ್ದರು. ಅಲ್ಲಿನ ಹದಿನೈದನೇ ಕೋರ್ ಮೊದಲು ಹದಿನಾಲ್ಕನೇ ಸೇನೆಯಲ್ಲೇ ಇತ್ತು, 1944ರ ಕೊನೆಗೆ ಅದನ್ನು ಬೇರೆ ಮಾಡಿದರು. ಆ ಕೋರ್‌ನ 51ನೇ ಬ್ರಿಗೇಡಿನಲ್ಲಿ ಒಂದು ವಿಶೇಷವಿತ್ತು. ಅದರ ಮೂರೂ ಬಟಾಲಿಯನ್‌ಗಳಿಗೆ ಭಾರತೀಯರೇ ಮುಖ್ಯಸ್ಥರು. ಭಾರತೀಯರು ಬಟಾಲಿಯನ್ ನಡೆಸಬಲ್ಲರೇ ಎಂದು ಬ್ರಿಟಿಷರು ಅನುಮಾನಪಡುತ್ತಿದ್ದ ಕಾಲ ಅದು. ಒಂದರ ಮುಖ್ಯಸ್ಥ ಎಲ್. ಪಿ. ಸೇನ್. ಇನ್ನೊಂದರದು ಕೊಡಗಿನ ಕೆ. ಎಸ್. ತಿಮ್ಮಯ್ಯ. ಮೂರನೆಯವರು ಎಸ್. ಪಿ. ಪಿ. ಥೋರಾತ್, ನಮ್ಮ ಕೊಲ್ಲಾಪುರ ಜಿಲ್ಲೆಯ ವಡಗಾವದವರು! ತಿಮ್ಮಯ್ಯ, ಥೋರಾತ್ ಇಬ್ಬರೂ ಹುಟ್ಟಿದ್ದು 1906ರಲ್ಲಿ, ಇಬ್ಬರೂ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವರು.

1945ರ ಜನವರಿ ಕೊನೆಯಲ್ಲಿ ಕಂಗಾವ್ ಎಂಬಲ್ಲಿ ಜಪಾನಿಯರು ಹಿಂದೆ ಸರಿಯುವ ದಾರಿಯನ್ನು ಕಟ್ಟಿಹಾಕಬೇಕಿತ್ತು. ಮ್ಯಾಂಗ್ರೋವ್ ಕೆಸರು, ಭತ್ತದ ಗದ್ದೆ, ಅದರ ನಡುವೆ ಜಪಾನಿಯರು ಗಟ್ಟಿಯಾಗಿ ಕೂತ ಗುಡ್ಡಗಳು. ಮೆಲ್ರೋಸ್ ಎಂದು ಹೆಸರಿಟ್ಟಿದ್ದ ಗುಡ್ಡವನ್ನು ಥೋರಾತರ ಪಂಜಾಬ್ ಬಟಾಲಿಯನ್ ಕೈಗೆ ಕೈ ಹತ್ತಿದ ಕಾಳಗದಲ್ಲಿ ಹಿಡಿಯಿತು. ಮೂವರು ಭಾರತೀಯ ಅಧಿಕಾರಿಗಳಿಗೂ ಡಿ.ಎಸ್.ಓ. ಪದಕ ಬಂತು. ಅನುಮಾನಕ್ಕೆ ಉತ್ತರ ಸಿಕ್ಕಿತ್ತು.

ಇಬ್ಬರ ದಾರಿ ಅಲ್ಲಿಗೇ ಮುಗಿಯಲಿಲ್ಲ. 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳ ಪ್ರಶ್ನೆ ಬಂದಾಗ ತಟಸ್ಥ ದೇಶಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು, ಕೈದಿಗಳನ್ನು ಕಾಯುವ ಭಾರತದ ಪಡೆಗೆ ಥೋರಾತ್ ಮುಖ್ಯಸ್ಥರು. 1957ರಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದಾಗ ಪೂರ್ವ ವಿಭಾಗ ಥೋರಾತರ ಕೈಯಲ್ಲಿ. ಚೀನಾ ಗಡಿಯಲ್ಲಿ ಏನಾಗಬಹುದೆಂದು ಥೋರಾತ್ 1962ಕ್ಕಿಂತ ಮುಂಚೆಯೇ ಎಚ್ಚರಿಸಿದ್ದರು, ಕೇಳಬೇಕಾದವರು ಕೇಳಲಿಲ್ಲ. ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗ ತೀರಿಕೊಂಡರು. ಥೋರಾತ್ ನಿವೃತ್ತರಾಗಿ ಕೊಲ್ಲಾಪುರಕ್ಕೆ ಮರಳಿ 1992ರವರೆಗೆ ಬದುಕಿದ್ದರು.

ಕೊಡಗಿನವರೊಬ್ಬರು, ಕೊಲ್ಲಾಪುರದವರೊಬ್ಬರು. ಗಡಿಯ ಜಗಳ ಬಂದಾಗಲೆಲ್ಲ ನಮಗೆ ಇವರಿಬ್ಬರ ನೆನಪಾಗಬೇಕು.

"ಅವರು ಇಂಗ್ರೇಜರ ಚಾಕರಿ ಮಾಡಿದವರಲ್ವೇ?"

ಇದನ್ನೆಲ್ಲ ಹೇಳಿದಾಗ ಸಹೋದ್ಯೋಗಿಯೊಬ್ಬರು ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. 1942ರಲ್ಲಿ "ಚಲೇಜಾವ್" ಚಳವಳಿ ನಡೆದಿತ್ತು. 1943ರಲ್ಲಿ ಈ ಸೇನೆಯ ಬೆನ್ನ ಹಿಂದೆಯೇ ಬಂಗಾಳದಲ್ಲಿ ಬರ ಬಿದ್ದು ಲಕ್ಷ ಲಕ್ಷ ಜನ ಸತ್ತರು. ಆ ಕಡೆ ನೇತಾಜಿಯವರ ಆಜಾದ್ ಹಿಂದ್ ಫೌಜ್ ಇತ್ತು. 1944ರ ಏಪ್ರಿಲ್ 14ರಂದು ಮಣಿಪುರದ ಮೊಯಿರಾಂಗ್‌ನಲ್ಲಿ ಅವರು ಧ್ವಜ ಹಾರಿಸಿದರು. ಭಾರತೀಯರು ಭಾರತೀಯರ ಎದುರೇ ಬಂದೂಕು ಹಿಡಿದು ನಿಂತಿದ್ದರು. ತಿಮ್ಮಯ್ಯನವರ ಸ್ವಂತ ಅಣ್ಣ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ತಾಯಿಯ ಇಬ್ಬರು ಮಕ್ಕಳು, ಎರಡು ಕಡೆ!

ಅದಕ್ಕೇ ನಾವು ಹೇಳುವುದು, ಇದನ್ನು ಜೈಕಾರದ ಪಾಠವಾಗಿ ಹೇಳಬೇಡಿ, ಮುಚ್ಚಿಯೂ ಇಡಬೇಡಿ. 1939ರಲ್ಲಿ ಎರಡು ಲಕ್ಷದಷ್ಟಿದ್ದ ಭಾರತೀಯ ಸೈನ್ಯ 1945ಕ್ಕೆ 25 ಲಕ್ಷ ದಾಟಿತು. ಅವರಲ್ಲಿ ಎಷ್ಟೋ ಜನ ಹೋದದ್ದು ರಾಜನ ಮೇಲಿನ ಪ್ರೀತಿಗಲ್ಲ. ಮಳೆ ನಂಬಿದ ಹೊಲ, ತಲೆಯ ಮೇಲೆ ಸಾಲ, ಮನೆಯಲ್ಲಿ ತಂಗಿಯ ಮದುವೆ. ಸಂಬಳ ಬರುತ್ತದೆ, ಮನಿಯಾರ್ಡರ್ ಕಳಿಸಬಹುದು. ಇದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕೇ? ಅವರ ಮನೆಗಳಿಂದ ಇಂದಿಗೂ ಹುಡುಗರು ಬೆಳಗಾವಿಯ ಭರ್ತಿಗೆ ಓಡಲು ಬೆಳಗಿನ ನಾಲ್ಕಕ್ಕೆ ಏಳುತ್ತಾರೆ. ಸತ್ತವರನ್ನು ತೂಗಿ ನೋಡುವ ಮೊದಲು ಅವರ ಹೆಸರಾದರೂ ನಮಗೆ ಗೊತ್ತಿರಬೇಡವೇ?

ಇನ್ನೊಬ್ಬರು ಅಂದರು, "ಅದು ಮರಾಠಾ ಪಲ್ಟನ್, ನಮ್ಮ ಕನ್ನಡ ಶಾಲೆಗೇನು ಸಂಬಂಧ?" ಈ ಮಾತು ನಮಗೆ ಹೆಚ್ಚು ನೋವು ಕೊಟ್ಟಿತು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುತ್ತಾರೆ. ಆ ಮುತ್ಯಾನೂ ಹಾಗೇ ಇದ್ದಿರಬೇಕು, ಜೊತೆಗೆ ಪಲ್ಟನ್ನಿನಲ್ಲಿ ಕಲಿತ ರೋಮನ್ ಅಕ್ಷರದ ಉರ್ದು ಬೇರೆ. ಸಾಂಗ್‌ಶಾಕ್‌ನ ಬಂಡೆಯ ಮೇಲೆ ನೀರು ಹಂಚಿಕೊಂಡವರು ನಿನ್ನ ಮಾತೃಭಾಷೆ ಯಾವುದೆಂದು ಕೇಳಿಕೊಂಡಿರಲಾರರು. ನಮ್ಮ ಶಾಲೆ ಆ ಮನೆಯ ನೆನಪನ್ನು "ಅವರದು" ಎಂದು ಬಿಟ್ಟರೆ ಮರಾಠಿ ಶಾಲೆ ಅದನ್ನು ಹುಡುಕಿಕೊಂಡು ಬರುವುದಿಲ್ಲ, ಏಕೆಂದರೆ ಆ ಹುಡುಗಿ ಇರುವುದು ನಮ್ಮ ಬೆಂಚಿನ ಮೇಲೆ.

ವೀರಗಲ್ಲು ಇಟ್ಟ ಜನ ನಾವು

ಖಿದ್ರಾಪುರದ ಕೋಪೇಶ್ವರ ಗುಡಿಗೆ ಪ್ರವಾಸ ಹೋದಾಗ ಅಲ್ಲಿನ ಕನ್ನಡ ಶಾಸನಗಳನ್ನು ಮಕ್ಕಳಿಗೆ ಹೆಮ್ಮೆಯಿಂದ ತೋರಿಸುತ್ತೇವೆ. ಈ ಸೀಮೆಯಲ್ಲಿ ವೀರಗಲ್ಲುಗಳೂ ಇವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದ ಜನ ನಮ್ಮವರು. ರಾಜನಿಗಷ್ಟೇ ಅಲ್ಲ, ಊರಿನ ಹುಡುಗನಿಗೆ! ಆ ಜನರ ಮೊಮ್ಮಕ್ಕಳಾದ ನಾವು ಬರ್ಮಾಕ್ಕೆ ಹೋದವನ ಪದಕವನ್ನು ಕಬಡ್ಡಿಯ ಬಹುಮಾನ ಎಂದುಕೊಂಡೆವು.

ಆಗ ಹದಿನೆಂಟರ ಹುಡುಗನಾಗಿದ್ದವರು ಬದುಕಿದ್ದರೆ ಈಗ ನೂರರ ಆಸುಪಾಸು. ಅವರಿಂದ ಕೇಳುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಅವರ ಸೊಸೆಯಂದಿರು, ಮಕ್ಕಳು ಎಪ್ಪತ್ತು ಎಂಬತ್ತರಲ್ಲಿದ್ದಾರೆ. ಅವರೂ ಹೋದ ಮೇಲೆ ಟ್ರಂಕಿನಲ್ಲಿ ಉಳಿಯುವುದು ಬರೀ ತಗಡು.

ಆದ್ದರಿಂದ ಶಿರೋಳ, ಗಡಹಿಂಗ್ಲಜ, ಇಚಲಕರಂಜಿ, ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಗುರುಗಳಿಗೂ ಪಾಲಕರಿಗೂ ನಮ್ಮ ಬೇಡಿಕೆ ಇಷ್ಟೇ.

ಮೊದಲನೆಯದು, ಮನೆಯ ಹಳೆಯ ಪೆಟ್ಟಿಗೆ ತೆರೆಸಿ ನೋಡಿ. ಆರು ಮೂಲೆಯ ನಕ್ಷತ್ರ, ನೀಲಿ ಪಟ್ಟಿಯ ನಡುವೆ ಕೆಂಪು, ನೀಲಿಯೊಳಗೆ ಕಿತ್ತಳೆ ಗೆರೆ ಇದ್ದರೆ ಅದು ಬರ್ಮಾದ್ದು. ಗುಜರಿಗೆ ಹಾಕಬೇಡಿ. ಬ್ರಾಸೋ ಹಚ್ಚಿ ಉಜ್ಜಲೂ ಬೇಡಿ. ಸೈನ್ಯದ ಬಿಡುಗಡೆ ಪತ್ರ ಇದ್ದರೆ ಅದರ ಒಂದು ಪ್ರತಿ ತೆಗೆದಿಡಿ.

ಎರಡನೆಯದು, ಮಕ್ಕಳ ಕೈಯಲ್ಲಿ ವಹಿ ಕೊಟ್ಟು ಅಜ್ಜ ಅಜ್ಜಿಯರ ಮುಂದೆ ಕೂರಿಸಿ. ಹೆಸರು, ಊರು, ಪಲ್ಟನ್, ಹೋದ ವರ್ಷ, ಬಂದ ವರ್ಷ, ಹೇಳಿದ ಮಾತು. ಅವರು ಆಡಿದ ಹಾಗೆಯೇ ಬರೆಯಲಿ, ಕನ್ನಡದಲ್ಲೋ ಮರಾಠಿಯಲ್ಲೋ. ತಿದ್ದುವ ಕೆಲಸ ನಮ್ಮದು ಬೇಡ. "ಮೈ ಹಳದಿಯಾಗಿತ್ತು" ಎಂಬಂಥ ಮಾತು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ.

ಮೂರನೆಯದು, ತಿರುಗಿ ಬಾರದವರನ್ನು ಹುಡುಕಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ರಂಗೂನ್ ಬಳಿಯ ತೌಕ್ಯಾನ್ ಸ್ಮಾರಕದಲ್ಲಿ ಸುಮಾರು 27,000 ಹೆಸರುಗಳಿವೆ. ಕೊಹಿಮಾದಲ್ಲಿ ದಹನ ಮಾಡಿದ 917 ಹಿಂದೂ, ಸಿಖ್ ಸೈನಿಕರ ಹೆಸರುಗಳಿವೆ. ಅನೇಕರ ಹೆಸರಿನ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಕೂಡ ಇದೆ. ಕೊಲ್ಲಾಪುರ, ಬೆಳಗಾವಿ ಎಂದು ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಬೇಕು, ಊರ ಹೆಸರುಗಳು ಅಡ್ಡಾದಿಡ್ಡಿ ಬರೆದಿರುತ್ತವೆ. ಯಾವ ಊರು ಎಂದು ಬಿಡಿಸುವ ಕೆಲಸ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಯಾರು ಮಾಡಿಯಾರು?

ಇದಕ್ಕೆ ಅನುದಾನ ಬೇಡ, ಸುತ್ತೋಲೆ ಬೇಡ. ಒಂದು ವಹಿ ಸಾಕು. ಪರೀಕ್ಷೆಯಲ್ಲಿ ಇದಕ್ಕೆ ಗುಣ ಸಿಗುವುದಿಲ್ಲ, ನಿಜ. ಆದರೆ ಪಟಸಂಖ್ಯೆ ಕಡಿಮೆ ಎಂಬ ಮಾತನ್ನು ವರ್ಷವರ್ಷವೂ ಕೇಳುವ ನಮ್ಮ ಶಾಲೆಗಳಿಗೆ, ಊರಿನ ನೆನಪನ್ನು ಕಾಯ್ದಿಟ್ಟ ಶಾಲೆ ಎಂಬ ಹೆಸರು ಬಂದರೆ ಅದು ಸಣ್ಣದೇನಲ್ಲ.

ಆ ಹುಡುಗಿ ಈಗ ನಕ್ಷತ್ರವನ್ನು ದೇವರ ಜಗಲಿಯ ಪಕ್ಕ ಒಂದು ಡಬ್ಬಿಯಲ್ಲಿಟ್ಟಿದ್ದಾಳಂತೆ. ಅವಳ ವಹಿಯಲ್ಲಿ ನಾಲ್ಕು ಪುಟ ತುಂಬಿವೆ. ಮುತ್ಯಾನ ಪೂರ್ತಿ ಹೆಸರು ಅವಳ ಅಪ್ಪನಿಗೂ ಈ ನೆಪದಲ್ಲೇ ಗೊತ್ತಾಯಿತು.

ನಿಮ್ಮ ಮನೆಯ ಟ್ರಂಕಿನಲ್ಲಿ ಏನಿದೆ? ಈ ಭಾನುವಾರ ತೆರೆದು ನೋಡಿ.